ದೇವಿ ಹೂಂ ಅಂದ ದಿನ

ಪಕ್ಕದ ಮನೆಯ ಕಾಕೂ ಅವರ ನರೆತ ತುರುಬಿನಲ್ಲಿ ಯಾವಾಗ ನೋಡಿದರೂ ಒಂದು ಒಣಗಿದ ಎಲೆ ಸಿಕ್ಕಿಕೊಂಡಿರುತ್ತಿತ್ತು. ತೋರಿಸಿದರೆ ಎಸೆಯುತ್ತಿರಲಿಲ್ಲ, ಕಾಡಿಗೆ ಹೋಗಿ ಬಿಟ್ಟು ಬರುತ್ತಿದ್ದರು.

ಕಾಡು ಎಂದರೆ ಪೀರನವಾಡಿಯಲ್ಲಿ ನಮ್ಮ ಮನೆಗಳ ಹಿಂದೆ ಉಳಿದಿರುವ ದೇವರ ಕಾಡು. ಊರು ಹುಟ್ಟುವ ಮೊದಲಿನದಂತೆ. ಸುತ್ತ ಅಪಾರ್ಟ್‌ಮೆಂಟು, ಟ್ಯೂಶನ್ ಕ್ಲಾಸು, ಗ್ಯಾರೇಜು. ನಡುವೆ ಇಬ್ಬರು ತಬ್ಬಿದರೂ ಸಿಗದ ಮತ್ತಿ, ನೇರಳೆ ಮರಗಳು, ಅವುಗಳ ಬುಡದಲ್ಲಿ ಕಲ್ಲಿನ ದೇವಿ. ಅಲ್ಲಿಂದ ಒಂದು ಕಡ್ಡಿಯೂ ಹೊರಗೆ ಹೋಗಬಾರದೆಂಬುದು ಹಳೆಯ ಕಟ್ಟಳೆ. ಅದನ್ನು ಎಲ್ಲರೂ ಮರೆತಿದ್ದರು, ಖಾನಾಪುರದಿಂದ ಸೊಸೆಯಾಗಿ ಬಂದ ಇವರೊಬ್ಬರನ್ನು ಬಿಟ್ಟು. ಇವರ ಪಕ್ಕದಲ್ಲೇ ಮನೆ ಕಟ್ಟಿಸಿದ್ದು ನನ್ನ ಹಣೆಬರಹ.

ಗಾಳಿ ಬೀಸಿದರೆ ಎಲೆಯೆಲ್ಲ ನಮ್ಮ ಮಾಳಿಗೆ ಮೇಲೆ. ಗುಡಿಸಿ ಕಸದ ಗಾಡಿಗೆ ಹಾಕಲು ಬಿಟ್ಟರಲ್ಲವೇ? "ಏ ತಮ್ಮಾ, ಅದು ದೇವೀದು. ಚೀಲಕ್ಕ ತುಂಬಿ ಒಳಗ ಹಾಕಿ ಬಾ." ಭಾನುವಾರ ಬಂತೆಂದರೆ ಚೀಲ ಹೊರುವುದೇ ನನ್ನ ಪಾಡು. "ಎಲೀ ಮ್ಯಾಲೆ ಆಕಿ ಹೆಸರು ಬರದೈತೇನ್ರೀ ಕಾಕೂ?" ಎಂದು ರೇಗಿದರೆ, "ನಿನ್ನ ಹೆಸರಂತೂ ಇಲ್ಲಲ್ಲ" ಎನ್ನುತ್ತಿದ್ದರು. ಇಂಥವರ ಜೊತೆ ವಾದ ಮಾಡಿ ಯಾರು ಗೆದ್ದಾರು!

ಒಮ್ಮೆ ದೇವಸ್ಥಾನ ಕಮಿಟಿಯವರು ಮರ ಕಡಿದು ಮದುವೆಗಳಿಗೆ ಬಾಡಿಗೆ ಕೊಡುವ ಮಂಗಲ ಕಾರ್ಯಾಲಯ ಕಟ್ಟಲು ಹೊರಟರು. ಕಾಕೂ ಅಡ್ಡ ನಿಂತರು. "ದೇವೀನ ಕೇಳೂಣು. ಆಕಿ ಹೂಂ ಅಂದ್ರ ಕಡೀರಿ."

ಕೇಳುವುದೆಂದರೆ ಕಲ್ಲಿನ ಎರಡೂ ಬದಿಗೆ ಒದ್ದೆ ಹೂ ಹಚ್ಚಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದಾದರೆ ಇಲ್ಲ. ಓಣಿಯೆಲ್ಲ ಸೇರಿತ್ತು. ಬಲಗಡೆಯ ಹೂ ಬಿತ್ತು.

ನನಗೆ ಮೈಯೆಲ್ಲ ಉರಿಯಿತು. ಸುಮ್ಮನಿದ್ದಿದ್ದರೆ ಮರ ಉಳಿಸಿರೆಂದು ಅರಣ್ಯ ಕಚೇರಿಗೆ ಒಂದು ಅರ್ಜಿಯನ್ನಾದರೂ ಕೊಡಬಹುದಿತ್ತು. ಇವರೇ ಕೇಳಿಸಿ ಇವರೇ ಕೆಡಿಸಿದರು! ಕಾಕೂ ಮಾತ್ರ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡು, ಕಲ್ಲಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟರು.

"ದೇವಿ ಹೂಂ ಅಂದಾಳ್ರೀ, ಏಳ್ರಿ ಇನ್ನ" ಎಂದರು ಕಮಿಟಿಯ ಅಧ್ಯಕ್ಷರು.

"ಅಂದಾಳ, ಖರೇ. ಇಷ್ಟು ಗಂಡಸರು ಗರಗಸ ಹಿಡಕೊಂಡು ಮುಂದ ನಿಂತ್ರ ಒಬ್ಬಾಕಿ ಹೆಣ್ಮಗಳು ಮತ್ತೇನ್ ಅಂದಾಳು? ಆಕಿ ಪರವಾಗಿ ನಾ ಒಲ್ಲೆ ಅಂತೇನಿ."

ಮೊದಲು ಹೋಗಿ ಪಕ್ಕದಲ್ಲಿ ಕುಳಿತವರು ಅಧ್ಯಕ್ಷರ ಹೆಂಡತಿ. ಆಮೇಲೆ ಓಣಿಯ ಹೆಂಗಸರೆಲ್ಲ. ಗರಗಸಗಳು ಬಂದ ಟೆಂಪೋದಲ್ಲೇ ವಾಪಸು ಹೋದವು.

ಕಳೆದ ಮಳೆಗಾಲದಲ್ಲಿ ಕಾಕೂ ತೀರಿಕೊಂಡರು. ಮೊನ್ನೆ ಕಮಿಟಿಯವರು ಮತ್ತೆ ಬಂದು, ಇನ್ನೊಮ್ಮೆ ದೇವಿಯನ್ನು ಕೇಳೋಣ ಎಂದರು. "ಕೇಳೂದ್ಯಾಕ್ರೀ? ಆಕಿ ಹೂಂ ಅಂತಾಳ, ನಾ ಒಲ್ಲೆ ಅಂತೇನಿ" ಎಂದು ಹೇಳಿ ಚಾಪೆ ಹಿಡಿದು ಕಾಡಿಗೆ ನಡೆದೆ. ಇದನ್ನೂ ನನ್ನ ತಲೆಗೇ ಕಟ್ಟಿ ಹೋದರಲ್ಲ ಈ ಮಹಾತಾಯಿ!