ಬಕೆಟ್ಟಿನಲ್ಲಿ ಕೋಟೆಬಾಗಿಲು

ಗಲ್ಫಿನಲ್ಲಿ, ಅಲ್ ಖುವೈರಿನ ನಮ್ಮ ಕಟ್ಟಡದ ಸೈಟಿನ ಫೋರ್ಮನ್ ಮೊದಲು ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿದ್ದವರು. ಇಟ್ಟಿಗೆಯಿರಲಿ, ಚಹಾದ ಕಪ್ಪಿರಲಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು, "ಬೆಂದಿದ್ಯಾ ನೋಡುವ" ಎನ್ನುತ್ತಿದ್ದರು.

ನಮ್ಮ ಜರ್ಮನ್ ಎಂಜಿನಿಯರರ ಮೇಜಿನ ಮೇಲೆ ಅವರ ಊರು ನೋಯ್‌ಬ್ರಾಂಡೆನ್‌ಬುರ್ಗಿನ ಚಿತ್ರವಿತ್ತು: ಸರೋವರದ ದಂಡೆಯ ಊರು, ಆರುನೂರು ವರ್ಷದ ಕೆಂಪು ಇಟ್ಟಿಗೆಯ ಕೋಟೆಬಾಗಿಲು. ಫೋರ್ಮನ್ ದಿನವೂ ಆ ಚಿತ್ರವನ್ನೇ ತಟ್ಟಿ ಹೋಗುತ್ತಿದ್ದರು.

ಬರ್ಲಿನ್ ಗೋಡೆ ಬಿದ್ದ ಮರುವರ್ಷ, ಗೋಡೆಯಾಚೆ ಉಳಿದಿದ್ದ ಊರಿಗೆ ಇಪ್ಪತ್ತು ವರ್ಷಗಳ ಮೇಲೆ ಹೋಗಿಬಂದ ಎಂಜಿನಿಯರ್, ಆ ಬಾಗಿಲಿನ ರಿಪೇರಿಯಲ್ಲಿ ತೆಗೆದ ಒಂದು ಇಟ್ಟಿಗೆಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ ತಂದರು. ಆಫೀಸಿಗೆ ಆಫೀಸೇ ನೋಡಲು ಮುಗಿಬಿದ್ದಿತು. ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಮೇಜಿನ ಮೇಲಿಲ್ಲ. ಹೊರಗೆ ಫೋರ್ಮನ್ ಅದನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಎಷ್ಟು ಗುಳ್ಳೆ ಏಳುತ್ತದೆಂದು ಕುಕ್ಕರುಗಾಲಿನಲ್ಲಿ ಕಾಯುತ್ತಿದ್ದರು. ಎಂಜಿನಿಯರ್ ಖಾಲಿ ಶಾಲು ಹಿಡಿದುಕೊಂಡೇ ಓಡಿಬಂದರು.

"ಹಂಚಿನ ಕೆಲಸದವರು ನೋಡುವುದೇ ಹೀಗೆ, ಬೆಂದದ್ದಾದ್ರೆ ಗುಳ್ಳೆ ಕಡಿಮೆ ಅಂತ ಹೇಳಿ ಮಾರಾಯ್ರೇ ಅವರಿಗೆ," ಎಂದರು ಫೋರ್ಮನ್ ನನಗೆ. "ಸರೋವರದ ಪಕ್ಕ ಆರುನೂರು ವರ್ಷ ನಿಂತದ್ದು, ಬಕೆಟ್ಟಿಗೆ ಹೆದರ್ತದಾ?"

ನಾನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅವರು ಇಟ್ಟಿಗೆಯನ್ನೆತ್ತಿ ಎಂಜಿನಿಯರರ ಕಿವಿಯ ಬಳಿ ಹಿಡಿದು ತಟ್ಟಿದರು. ನೆನೆದರೂ ಠಣ್ ಎಂದಿತು.

"ಬೆಂದಿದೆ," ಎಂದರು.

ಎಂಜಿನಿಯರ್ ಅದನ್ನು ಕೈಗೆ ತೆಗೆದುಕೊಂಡು ತಾವೂ ಮೂರು ಸಲ ತಟ್ಟಿದರು, ಮನೆಗೆ ಮರಳಿ ಬಂದವರು ಬಾಗಿಲು ತಟ್ಟುವ ಹಾಗೆ.