ವಾಪಸ್ ತಂದ ಎಳ್ಳುಬೆಲ್ಲ

ಮುಕಿಲ್ಟಿಯೊ ಎಂಬ ಊರಿನಿಂದ ಫೆರ್ರಿ ಹತ್ತಿ ಇಪ್ಪತ್ತು ನಿಮಿಷ ದಾಟಿದರೆ ಸಿಗುವ ದ್ವೀಪದಲ್ಲಿ ನಾವು ನಾಲ್ಕು ವರ್ಷ ಇದ್ದೆವು. ನನ್ನ ಗಂಡನಿಗೆ ಆಚೆ ದಡದ ವಿಮಾನ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಬೀದಿಯಲ್ಲಿ ಫಿಲಿಪ್ಪೀನ್ಸಿನವರು, ಮೆಕ್ಸಿಕೋದವರು, ನಿವೃತ್ತರಾದ ಬಿಳಿಯರು ಎಲ್ಲರೂ ಇದ್ದರು. ಪಕ್ಕದ ಮನೆಯ ಹೆಂಗಸಂತೂ ಯಾರೇ ಬಂದರೂ ಸ್ವಾಗತ ಎಂದು ಮೂರು ಭಾಷೆಯಲ್ಲಿ ಬರೆದ ಫಲಕವನ್ನೇ ಅಂಗಳದಲ್ಲಿ ನೆಟ್ಟಿದ್ದಳು. ಬೇಸಿಗೆಯಲ್ಲಿ ನಮ್ಮ ಮನೆಯ ಚಿತ್ರಾನ್ನವನ್ನು ಎರಡು ಸಲ ಹಾಕಿಸಿಕೊಂಡು ತಿಂದವಳು.

ಮೂರನೆಯ ವರ್ಷದ ಸಂಕ್ರಾಂತಿ ವಾರದ ನಡುವೆ ಬಂತು. ಆಚೆ ದಡದ ಇಸ್ಸಾಕ್ವಾ ಊರಿನ ಕನ್ನಡದ ಗೆಳತಿಯರು ಹಬ್ಬವನ್ನು ಶನಿವಾರಕ್ಕೆ ಹಾಕಿಕೊಂಡರು. ಹಬ್ಬವನ್ನು ಹೀಗೆ ಮುಂದೂಡುವುದು ಕಂಡರೆ ನನಗಾಗದು. ಹಬ್ಬದ ದಿನವೇ ಮಧ್ಯಾಹ್ನ ಸ್ಕೂಲಿನಿಂದ ಬಂದ ಎಂಟು ವರ್ಷದ ಮಗಳಿಗೆ ರೇಷ್ಮೆ ಲಂಗ ಹಾಕಿ, ಮೇಲೊಂದು ಜಾಕೆಟ್ ತೊಡಿಸಿ ಎಳ್ಳು ಬೀರಲು ಹೊರಟೆ. ಅನೇಕ ಮನೆಗಳಲ್ಲಿ ಜನರಿರಲಿಲ್ಲ. ಸರಿ, ಎಲ್ಲರಿಗೂ ಒಂದೇ ಥರ ಇರಲಿ ಎಂದು ಪ್ರತಿ ಮನೆಯ ಅಂಚೆ ಡಬ್ಬಿಯಲ್ಲಿ ಒಂದೊಂದು ಪೊಟ್ಟಣ ಇಟ್ಟೆವು. ಡಬ್ಬಿಯ ಬಾಗಿಲು ತೆಗೆಯುವ ಕೆಲಸವನ್ನು ಮಗಳು ಕುಣಿಯುತ್ತ ಮಾಡಿದಳು. ಅಂಚೆಯವರ ಹೊರತು ಬೇರೆಯವರು ಅದರಲ್ಲಿ ಏನೂ ಇಡಬಾರದೆಂಬ ಕಾನೂನು ನನಗೆ ಗೊತ್ತಿರಲಿಲ್ಲ. ತಪ್ಪು ನನ್ನದೇ, ಒಪ್ಪಿದೆ.

ಗಂಟೆ ಕಳೆಯುವಷ್ಟರಲ್ಲಿ ಪೊಲೀಸ್ ಬಂದ. ಡಬ್ಬಿಗಳಲ್ಲಿ ಏನೋ ಅನುಮಾನದ ಪೊಟ್ಟಣ ಇಟ್ಟಿದ್ದಾರೆ ಎಂದು ಫೋನ್ ಮಾಡಿದವಳು ಪಕ್ಕದ ಮನೆಯ ಹೆಂಗಸೇ. ನಾವು ಇಟ್ಟದ್ದನ್ನು ಕಿಟಕಿಯಿಂದ ನೋಡಿದ್ದಳಂತೆ. ಲಂಗ ಹಾಕಿದ ಮಗುವನ್ನು ಕಣ್ಣಾರೆ ಕಂಡೂ ಪೊಲೀಸರನ್ನು ಕರೆದಳಲ್ಲ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಪೊಲೀಸನದು ತುಂಬ ಮರ್ಯಾದೆಯ ಮಾತು, ಕೈಯಲ್ಲಿ ಮಾತ್ರ ಗವಸು. ಕೊಬ್ಬರಿ, ಹುರಿಗಡಲೆ, ಬೆಲ್ಲ ಎಂದು ನಾನು ಬಿಡಿಸಿ ಹೇಳುತ್ತಿದ್ದರೆ, ಆಗ ತಾನೇ ಕೆಲಸದಿಂದ ಬಂದ ನನ್ನ ಗಂಡ ಕಾರ್ಖಾನೆಯ ಬ್ಯಾಡ್ಜ್ ತೋರಿಸುತ್ತ ಸಾರಿ, ಸಾರಿ ಎನ್ನುತ್ತಿದ್ದ. ಎಲ್ಲವನ್ನೂ ವಾಪಸ್ ತೆಗೆದುಕೊಳ್ಳಿ ಎಂದು ಹೇಳಿ ಪೊಲೀಸ್ ಹೋದ.

"ಸುಮ್ನಿರು, ನಾವು ಹೊರಗಿನೋರು," ಎಂದ ಗಂಡ.

"ಮನೆ ತಗೊಂಡು ಇದು ಮೂರನೇ ವರ್ಷ. ಇನ್ನೆಷ್ಟು ದಿನ ಹೊರಗಿನೋರು?" ಎಂದೆ. ಅವನು ಶೂ ಬಿಚ್ಚುತ್ತ ಕೂತ.

ನಾನೂ ಮಗಳೂ ಅದೇ ಬೀದಿಯಲ್ಲಿ ಡಬ್ಬಿ ಡಬ್ಬಿ ತೆಗೆದು ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡೆವು. ಬೀರಿದ ಎಳ್ಳನ್ನು ವಾಪಸ್ ತಂದವರು ನಮ್ಮ ವಂಶದಲ್ಲಿ ಯಾರೂ ಇರಲಿಕ್ಕಿಲ್ಲ. ಈ ಸಲ ಮಗಳು ಕುಣಿಯಲಿಲ್ಲ. "ಅಮ್ಮಾ, ಡಿಡ್ ಐ ಡೂ ಸಮ್‌ಥಿಂಗ್ ಬ್ಯಾಡ್?" ಎಂದು ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ.

ಕೊನೆಗೆ ಪಕ್ಕದ ಮನೆ. ಆಕೆ ಫಲಕದ ಪಕ್ಕದಲ್ಲೇ ನಿಂತಿದ್ದಳು. ನಿಮ್ಮ ಬಾಗಿಲಿಂದ ನಮ್ಮ ಬಾಗಿಲಿಗೆ ಮೂವತ್ತು ಹೆಜ್ಜೆ, ಬಂದು ಕೇಳಲಾಗಲಿಲ್ಲವೇ ಎಂದು ಬೈಯಲು ನಾನು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಮಗಳು ಮುಂದೆ ಹೋಗಿ, ಥೇಟ್ ಅವಳಪ್ಪನ ದನಿಯಲ್ಲಿ, ಸಾರಿ ಎಂದಳು.

ಆಕೆ ನಗುತ್ತ ಅವಳ ತಲೆ ಸವರಿದಳು. ಎಳ್ಳು ಬೀರಿದ ತಪ್ಪಿಗೆ ನನ್ನ ಮಗಳನ್ನು ಕ್ಷಮಿಸಿಬಿಟ್ಟಳು.