ಕೈಗವಸಿನ ತೇಪೆ

ನಾಸಿಕ್‌ನ ನಮ್ಮ ಕಾರ್ಖಾನೆಯಲ್ಲಿ, ಮುರಿದ ಮೂಳೆಗೆ ಕೂರಿಸುವ ಟೈಟಾನಿಯಂ ಪಟ್ಟಿಗಳನ್ನು ಆಸಿಡ್‌ನಲ್ಲಿ ಅದ್ದಿ, ಆಮೇಲೆ ವಿದ್ಯುತ್ ಹಾಯಿಸಿ ಅವುಗಳ ಮೇಲೆ ತೆಳುವಾದ ಪದರ ಬರಿಸುತ್ತೇವೆ. ಮೈಯೊಳಗಿನ ಉಪ್ಪುನೀರಿಗೆ ಲೋಹ ಸವೆಯದಂತೆ ಕಾಯುವುದು ಆ ಪದರವೇ. ಮಾದರಿಗಳನ್ನು ಸಂಭಾಜಿನಗರದ ಲ್ಯಾಬಿಗೆ ಒಯ್ಯುವುದು ನನ್ನ ಕೆಲಸ. ಅದ್ದುವವರು ವಿಜಯಪುರ ಕಡೆಯ ಒಬ್ಬ ಹಿರಿಯರು, ಎಲ್ಲರಿಗೂ ಕಾಕಾ.

ಆ ಬೆಳಿಗ್ಗೆ ಅವರ ರಬ್ಬರ್ ಕೈಗವಸಿನ ಹೆಬ್ಬೆರಳಿಗೆ ಸೈಕಲ್ ಟ್ಯೂಬಿನ ತೇಪೆ ಕಂಡಿತು.

"ಹೊಸಾದು ಕೇಳಾಕ ಹೋಗಿ ಸ್ಟೋರಿನವನ ಮಾರಿ ನೋಡೂದಕ್ಕಿಂತ ಪಂಕ್ಚರ್ ತೆಗೆಯೂದು ಚಲೋ ರೀ ಅಕ್ಕಾರ" ಎಂದರು.

ನಾನು ನಕ್ಕೆ. ಕೆಮಿಸ್ಟ್ರಿ ಓದಿದವಳು, ನಕ್ಕೆ.

ಮಧ್ಯಾಹ್ನ ಅವರೂ ಮಗಳನ್ನು ನೋಡಲೆಂದು ನನ್ನ ಜೊತೆಗೇ ಸಂಭಾಜಿನಗರದ ಬಸ್ಸು ಹತ್ತಿದರು. ನಡುದಾರಿಯ ಯೇವಲಾ ಬರುವಷ್ಟರಲ್ಲಿ ಹೆಬ್ಬೆರಳನ್ನು ನೀರಿನ ಬಾಟಲಿಗೆ ಒತ್ತಿ ಹಿಡಿದು ಬೆವರುತ್ತಿದ್ದರು. ಉಗುರುಸುತ್ತು ಇರಬೇಕು ಎಂದರು. ಗಾಯವಿರಲಿಲ್ಲ, ಉಗುರಿನಡಿ ಮಾತ್ರ ಬೂದು ಬಣ್ಣ. ತೇಪೆ ನೆನಪಾಯಿತು. ಅದರ ಸಂದಿನಿಂದ ಆಸಿಡ್ ಒಸರಿರಬೇಕು. ಆ ಆಸಿಡ್ ಮೊದಲು ಉರಿಯುವುದೇ ಇಲ್ಲ. ಸದ್ದಿಲ್ಲದೆ ಇಳಿದು ಮೈಯ ಕ್ಯಾಲ್ಸಿಯಂ ಹೀರುತ್ತದೆ, ಹೃದಯವನ್ನೂ ನಿಲ್ಲಿಸಬಲ್ಲದು. ಅದಕ್ಕೆಂದೇ ಇಟ್ಟ ಮುಲಾಮು ನಾಸಿಕ್‌ನ ಕಪಾಟಿನಲ್ಲಿ ಉಳಿದಿತ್ತು.

ಯೇವಲಾದಲ್ಲಿ ಇಳಿದು ಹತ್ತಿರದ ದವಾಖಾನೆಗೆ ಓಡಿದೆವು. ಗಾಯವೇ ಇಲ್ಲವಲ್ಲ ಎಂದು ಡಾಕ್ಟರು ಮರಾಠಿಯಲ್ಲಿ ನನಗೇ ಸಮಾಧಾನ ಹೇಳಿದರು. ನಾನು ಅತ್ತು, ಕೂಗಾಡಿ, ಕ್ಯಾಲ್ಸಿಯಂ ಇಂಜೆಕ್ಷನ್ ಸೀಸೆಗಳನ್ನು ತರಿಸಿದೆ. ಅದನ್ನು ಜೆಲ್ಲಿಗೆ ಕಲಸಿ ಹೊಸ ಕೈಗವಸಿನೊಳಗೆ ತುಂಬಿ ಅವರ ಕೈಗೆ ತೊಡಿಸಿ, ಬಾಡಿಗೆ ಕಾರಿನಲ್ಲಿ ಸಂಭಾಜಿನಗರದತ್ತ ಹೊರಟೆ. ದಾರಿಯುದ್ದಕ್ಕೂ ಅವರ ನಾಡಿ ಹಿಡಿದೇ ಕೂತಿದ್ದೆ. ಅದು ಒಂದೊಂದು ಬಡಿತ ತಪ್ಪಿಸುತ್ತಿತ್ತು. ತಪ್ಪಿದಾಗಲೆಲ್ಲ ಮುಂದಿನದಕ್ಕೆ ಕಾದೆ.

ಆಸ್ಪತ್ರೆಯ ಬಾಗಿಲಲ್ಲಿ ಅವರು ಮೆಲ್ಲಗೆ ಹೇಳಿದರು: "ಆ ಕೈಗವಸ ಅಲ್ಲೇ ಮೊಳಿಗೆ ತೂಗಹಾಕಿ ಬಂದೀನ್ರಿ. ಎರಡನೇ ಪಾಳಿಯವರು ಹಾಕ್ಕೋತಾರ."

ಕಾರ್ಖಾನೆಗೆ ಫೋನ್ ಮಾಡಿದೆ. ಮೂರು ಸಲ ಸುಮ್ಮನೆ ರಿಂಗಾಯಿತು. ನಾಲ್ಕನೆಯ ಸಲ ಯಾರೋ ಎತ್ತಿದರು. ಮೊಳೆ ಖಾಲಿ ಇತ್ತು. ಕೈಗವಸು ಹಾಕಿಕೊಂಡವನನ್ನು ಆಸಿಡ್ ತೊಟ್ಟಿಯ ಬಳಿಯಿಂದ ಎಳೆದು ನಲ್ಲಿಯಡಿ ನಿಲ್ಲಿಸಿದರು, ಮುಲಾಮು ಹಚ್ಚಿದರು. ಅವನ ಬೆರಳು ಉಳಿಯಿತು. ಕಾಕಾರ ಜೀವ ಉಳಿಯಿತು. ಹೆಬ್ಬೆರಳಿನ ತುದಿ ಹೋಯಿತು.

ಪಟ್ಟಿಗಳು ಪರೀಕ್ಷೆಯಲ್ಲಿ ಪಾಸಾದವು. ಸವೆತವಿಲ್ಲ ಎಂದು ವರದಿ ಬಂತು. ಸಹಿ ಹಾಕಲು ಕೂತಾಗಲೂ ನನ್ನ ಬೆರಳುಗಳು ಯಾರದೋ ನಾಡಿ ಹುಡುಕುತ್ತವೆ. ಮನಸ್ಸಿನಲ್ಲಿ ಮತ್ತೆ ಮತ್ತೆ ಅದೇ ಬೆಳಿಗ್ಗೆ. ಕಾಕಾ ತೇಪೆ ತೋರಿಸುತ್ತಾರೆ, ನಾನು ನಗುತ್ತೇನೆ. ಒಮ್ಮೆಯೂ ಕೈ ಚಾಚಿ ಆ ಕೈಗವಸನ್ನು ಕಿತ್ತುಕೊಳ್ಳುವುದಿಲ್ಲ.